ಮನೆಗೆ ಯಾವ ಇಂಟರ್ನೆಟ್? ಬೇರೆ ದೇಶಗಳ ಅನುಭವ ಪಕ್ಕದಲ್ಲಿಟ್ಟು ಮುಂಬೈ, ಪುಣೆ, ಗೋವಾದವರಿಗೊಂದು ಹೋಲಿಕೆ

ಡೊಂಬಿವಲಿಯ ಫ್ಲ್ಯಾಟ್ ಇರಲಿ, ಪುಣೆಯ ಖರಾಡಿಯ ಬಾಡಿಗೆ ಮನೆ ಇರಲಿ, ವಾಸ್ಕೋದ ಹಳೇ ಮನೆ ಇರಲಿ, ನಮ್ಮವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಫೈಬರ್ ಹಾಕಿಸೋಣವಾ, ಬಿಲ್ಡಿಂಗ್‌ನಲ್ಲಿ ಮೊದಲಿಂದ ಇರುವ ಕೇಬಲ್‌ನವರೇ ಸಾಕಾ, ಗಾಳಿಯಲ್ಲಿ ಬರುವ ಏರ್‌ಫೈಬರ್ ತಗೊಳ್ಳೋಣವಾ, ಇಲ್ಲಾ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಸುಧಾರಿಸೋಣವಾ? ಇದರ ಮೇಲೆ ವಿದೇಶದಲ್ಲಿರುವ ಮಕ್ಕಳ ಸಲಹೆ ಬೇರೆ. ಸಿಂಗಾಪುರದ ಮಗ "ಒಂದು ಗಿಗಾಬಿಟ್‌ಗಿಂತ ಕಡಿಮೆ ತಗೋಬೇಡಿ" ಅಂತಾನೆ (ಗಿಗಾಬಿಟ್ ಅಂದರೆ ಸೆಕೆಂಡಿಗೆ 1000 ಮೆಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗ). ಜರ್ಮನಿಯ ಮಗಳು "ಅಪ್ಪಾ, ನಮ್ಮನೆಗಿಂತ ನಿಮ್ಮಲ್ಲೇ ಚೆನ್ನಾಗಿದೆ" ಅಂತಾಳೆ. ಇಬ್ಬರೂ ಹೇಳುವುದು ನಿಜವೇ.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ದೇಶದ ಶ್ರೀಮಂತಿಕೆಯಿಂದ ಅಲ್ಲ, ಮನೆಯೊಳಗೆ ಬರುವ ತಂತಿಯಿಂದ. ಸಿಂಗಾಪುರ, ಕೊರಿಯಾದಲ್ಲಿ ಗಾಜಿನ ಎಳೆ ಮನೆಯೊಳಗೇ ಬಂದಿದೆ. ಜರ್ಮನಿಯಲ್ಲಿ ಇವತ್ತಿಗೂ ಬಹಳ ಮನೆಗಳಿಗೆ ಹಳೇ ಟೆಲಿಫೋನ್ ತಾಮ್ರದ ತಂತಿಯೇ ಗತಿ. ಅಮೆರಿಕದಲ್ಲಿ ಟಿವಿ ಕೇಬಲ್. ನಮ್ಮ ಒಂದೊಂದು ಬೀದಿಯಲ್ಲಿ ಇವೆಲ್ಲ ಒಟ್ಟಿಗೇ ಸಿಗುತ್ತವೆ. ಅಂದರೆ ನೀವು ಒಂದು ಕನೆಕ್ಷನ್ ಆರಿಸಿಕೊಂಡಾಗ, ಆ ತಂತಿಯನ್ನು ವರ್ಷಗಟ್ಟಲೆ ಬಳಸಿದ ಯಾವುದೋ ಒಂದು ದೇಶದ ಅನುಭವವನ್ನೂ ಆರಿಸಿಕೊಂಡ ಹಾಗೆ. ಅದಕ್ಕೇ ಈ ಹೋಲಿಕೆಯಲ್ಲಿ ಪ್ರತಿ ಆಯ್ಕೆಯ ಜೊತೆ ಒಂದು ದೇಶವೂ ಬರುತ್ತದೆ.

ಮೊದಲು ಪಟ್ಟಿಯ ವಿಚಾರ

ಇಂಟರ್ನೆಟ್ ವೇಗ ಅಳೆಯುವ ಊಕ್ಲಾ ಸಂಸ್ಥೆಯ ದೇಶವಾರು ಪಟ್ಟಿ ನೀವೂ ನೋಡಿರುತ್ತೀರಿ. ಮನೆ ಇಂಟರ್ನೆಟ್‌ನಲ್ಲಿ ಸಿಂಗಾಪುರ ವರ್ಷಗಳಿಂದ ಮೇಲಿನ ಸ್ಥಾನಗಳಲ್ಲೇ ಇದೆ. 2024ರ ಕೊನೆಯಲ್ಲಿ ಅಲ್ಲಿಯ ಮಧ್ಯಮ ವೇಗ (ಅರ್ಧದಷ್ಟು ಅಳತೆಗಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ) 300 ಎಂಬಿಪಿಎಸ್‌ಗೂ ಹೆಚ್ಚಿತ್ತು, ಭಾರತದ್ದು 60ರ ಆಸುಪಾಸು. ಇದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಜನ ದುಡ್ಡು ಕೊಟ್ಟು ಕೊಂಡ ವೇಗವೇ ಆ ಪಟ್ಟಿಯಲ್ಲಿ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದು 30, 40, 100 ಎಂಬಿಪಿಎಸ್ ಪ್ಲ್ಯಾನ್. ಸಿಂಗಾಪುರದಲ್ಲಿ ಸಾಮಾನ್ಯ ಪ್ಲ್ಯಾನ್ ಶುರುವಾಗುವುದೇ 500, 1000ದಿಂದ. ಮುಂಬೈನಲ್ಲೂ 1 ಗಿಗಾಬಿಟ್ ಸಿಗುತ್ತದೆ, ಬೆಲೆ ನೋಡಿ ಜನ ಬಿಡುತ್ತಾರೆ ಅಷ್ಟೇ.

ಪಟ್ಟಿಯಲ್ಲಿ ಕಾಣದ ದೊಡ್ಡ ಅಂತರ ಬೇರೆ ಇದೆ. ಭಾರತದಲ್ಲಿ ತಂತಿಯ ಮೂಲಕ ಬ್ರಾಡ್‌ಬ್ಯಾಂಡ್ ಇರುವುದು ಸುಮಾರು 4 ಕೋಟಿ ಕನೆಕ್ಷನ್‌ಗಳಿಗೆ ಮಾತ್ರ. ಉಳಿದ 90 ಕೋಟಿಗೂ ಹೆಚ್ಚು ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳು ಮೊಬೈಲ್‌ನವೇ. 5ಜಿ ಬಂದ ಮೇಲೆ ನಮ್ಮ ಮಧ್ಯಮ ಮೊಬೈಲ್ ವೇಗ ಮನೆ ಇಂಟರ್ನೆಟ್‌ನ ವೇಗವನ್ನೂ ದಾಟಿತು. ಕಾನೂನಿನ ವ್ಯಾಖ್ಯೆಯೂ ಹಾಗೇ ಹಿಂದಿದೆ. ಭಾರತದಲ್ಲಿ 2023ರಿಂದ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್. ಅಮೆರಿಕ 2024ರಲ್ಲಿ ತನ್ನ ಮಟ್ಟವನ್ನು 100 ಡೌನ್‌ಲೋಡ್, 20 ಅಪ್‌ಲೋಡ್‌ಗೆ ಏರಿಸಿತು. ಫಿನ್‌ಲ್ಯಾಂಡ್ ಅಂತೂ 2010ರಲ್ಲೇ ಬ್ರಾಡ್‌ಬ್ಯಾಂಡ್ ಪ್ರತಿ ಪ್ರಜೆಯ ಹಕ್ಕು ಅಂತ ಕಾನೂನು ಮಾಡಿತ್ತು, ಆಗ 1 ಎಂಬಿಪಿಎಸ್ ಲೆಕ್ಕದಲ್ಲಿ.

ಯಾವುದನ್ನು ನೋಡಿ ಆರಿಸಬೇಕು

ಡೌನ್‌ಲೋಡ್ ವೇಗ ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ 4ಕೆ ವೀಡಿಯೊಗೆ 15 ಎಂಬಿಪಿಎಸ್ ಸಾಕು, ಎಚ್‌ಡಿಗೆ 5. ನಾಲ್ಕು ಜನರ ಮನೆಗೆ 100 ಧಾರಾಳ.

ಅಪ್‌ಲೋಡ್ ಮುಖ್ಯ. ವೀಡಿಯೊ ಕಾಲ್‌ನಲ್ಲಿ ನಿಮ್ಮ ಮುಖ ಅತ್ತ ಕಡೆಗೆ ಹೋಗುವುದು ಅಪ್‌ಲೋಡ್‌ನಲ್ಲಿ. ಝೂಮ್‌ನಲ್ಲಿ ಒಳ್ಳೇ ಗುಣಮಟ್ಟದ ಒಂದು ಕಾಲ್‌ಗೆ ಸುಮಾರು 4 ಎಂಬಿಪಿಎಸ್ ಅಪ್‌ಲೋಡ್ ಬೇಕು. ಮನೆಯಲ್ಲಿ ಇಬ್ಬರು ಮೀಟಿಂಗ್‌ನಲ್ಲಿದ್ದು, ಮಗುವಿಗೆ ಆನ್‌ಲೈನ್ ಕ್ಲಾಸ್ ಇದ್ದರೆ ಲೆಕ್ಕ ಹಾಕಿ.

ಆಮೇಲೆ ಪಿಂಗ್, ಅಂದರೆ ಒಂದು ಸಂದೇಶ ಸರ್ವರ್‌ಗೆ ಹೋಗಿ ಮರಳಿ ಬರುವ ಸಮಯ. ಪುಣೆಯಲ್ಲಿ ಕೂತು ವಿದೇಶದ ಕೆಲಸ ಮಾಡುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಮುಂಬೈಯಿಂದ ಲಂಡನ್ ನೇರ ಗೆರೆಯಲ್ಲಿ ಸುಮಾರು 7,200 ಕಿ.ಮೀ. ಹೋಗಿ ಬರಲು ಬೆಳಕಿಗೇ 72 ಮಿಲಿಸೆಕೆಂಡ್ ಬೇಕು. ಸಮುದ್ರದ ಕೇಬಲ್ ನೇರವಾಗಿ ಹೋಗುವುದಿಲ್ಲ, ಹಾಗಾಗಿ ನಿಜದಲ್ಲಿ 110, 120 ಆಗುತ್ತದೆ. ಅಮೆರಿಕದ ಪಶ್ಚಿಮ ತೀರಕ್ಕೆ 200 ಮೀರುತ್ತದೆ. ನೀವು 100ರಿಂದ 1000 ಎಂಬಿಪಿಎಸ್‌ಗೆ ಹೋದರೂ ಈ ಸಂಖ್ಯೆ ಕಡಿಮೆಯಾಗಲ್ಲ. ಕಂಪನಿಯ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುವುದಕ್ಕೆ ದೊಡ್ಡ ಪ್ಲ್ಯಾನ್ ಔಷಧಿ ಅಲ್ಲ. ದಯವಿಟ್ಟು ಅದಕ್ಕಾಗಿ ದುಡ್ಡು ಹಾಕಬೇಡಿ.

ಆದರೆ ನಮ್ಮ ಪ್ರದೇಶಕ್ಕೆ ಒಂದು ದೊಡ್ಡ ಅನುಕೂಲ ಇದೆ. ಭಾರತಕ್ಕೆ ಬರುವ ಸಮುದ್ರ ಕೇಬಲ್‌ಗಳಲ್ಲಿ ಬಹುಪಾಲು ದಡ ಸೇರುವುದು ಮುಂಬೈ ಮತ್ತು ಚೆನ್ನೈನಲ್ಲಿ. ಮುಂಬೈನಲ್ಲಂತೂ ವರ್ಸೋವಾದ ಮರಳಿನ ಕೆಳಗೇ ಹಲವು ಕೇಬಲ್‌ಗಳಿವೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್ ಥರದವರ ಸರ್ವರ್‌ಗಳೂ ಮುಂಬೈನಲ್ಲೇ ಇವೆ, ಅಮೆಜಾನ್‌ನ ಕ್ಲೌಡ್ ಕೇಂದ್ರವೂ 2016ರಿಂದ ಇಲ್ಲೇ ಇದೆ. ಹಾಗಾಗಿ ದಿನನಿತ್ಯದ ಬಳಕೆಯಲ್ಲಿ ನಮ್ಮ 100 ಎಂಬಿಪಿಎಸ್ ಯುರೋಪಿನ 100ಕ್ಕೆ ಏನೂ ಕಡಿಮೆ ಇಲ್ಲ. ಆಪತ್ತು ಬರುವುದು ಹೊರಗಿನ ದಾರಿ ತುಂಡಾದಾಗ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ, ಜೆಡ್ಡಾ ಹತ್ತಿರ ಕೇಬಲ್‌ಗಳು ತುಂಡಾಗಿ ಭಾರತ, ಪಾಕಿಸ್ತಾನ, ಯುಎಇ ಎಲ್ಲಾ ಕಡೆ ಯುರೋಪಿನ ಸಂಪರ್ಕ ನಿಧಾನ ಆಯಿತು. ಅಂಥ ದಿನ ನಿಮ್ಮ ರೂಟರ್ ಆಫ್ ಆನ್ ಮಾಡಿ ಪ್ರಯೋಜನ ಇಲ್ಲ.

ಕೆಟ್ಟಾಗ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನೋದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅಳತೆಗೋಲು. ಬ್ರಿಟನ್‌ನಲ್ಲಿ 2019ರಿಂದ ದೊಡ್ಡ ಕಂಪನಿಗಳು ಒಪ್ಪಿಕೊಂಡ ಒಂದು ಪದ್ಧತಿ ಇದೆ. ದೂರು ಕೊಟ್ಟು ಎರಡು ಕೆಲಸದ ದಿನ ಕಳೆದರೂ ಸರಿ ಮಾಡದಿದ್ದರೆ, ಗ್ರಾಹಕ ಕೇಳದೇ ಇದ್ದರೂ ದಿನದ ಲೆಕ್ಕದಲ್ಲಿ ಪರಿಹಾರ ಬಿಲ್‌ಗೆ ಸೇರುತ್ತದೆ. ಜರ್ಮನಿಯಲ್ಲಿ 2021ರ ಡಿಸೆಂಬರ್‌ನಿಂದ, ಹೇಳಿದ ವೇಗ ಬರುತ್ತಿಲ್ಲ ಅಂತ ಅಳೆದು ತೋರಿಸಿದರೆ ಬಿಲ್ ಕಡಿಮೆ ಮಾಡಿಸಿಕೊಳ್ಳುವ ಹಕ್ಕಿದೆ. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ನಿಯಮದಲ್ಲಿ ಒಂದು ಜಿಲ್ಲೆಯಲ್ಲಿ 24 ಗಂಟೆಗಿಂತ ಜಾಸ್ತಿ ಸೇವೆ ನಿಂತರೆ ರಿಯಾಯಿತಿ ಕೊಡಬೇಕು ಎಂದಿದೆ. ಒಳ್ಳೇದೇ, ಆದರೆ ನಿಮ್ಮ ಬಿಲ್ಡಿಂಗ್ ಒಂದರ ತಂತಿ ಇಲಿ ಕಡಿದರೆ ಅದು ಜಿಲ್ಲೆಯ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಇಲ್ಲಿ ಕಾನೂನಿಗಿಂತ ಪಕ್ಕದ ಮನೆಯವರ ಮಾತೇ ಹೆಚ್ಚು ಉಪಯೋಗ. ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಹೋಯ್ತು, ಯಾವಾಗ ಬಂತು ಅಂತ ಕೇಳಿ.

ಕೊನೆಗೆ ನಿಜವಾದ ಖರ್ಚು. ಜಾಹೀರಾತಿನ ಬೆಲೆಗೆ 18% ಜಿಎಸ್‌ಟಿ ಸೇರಿಸಿ. 399 ಅಂದರೆ 471. ಆರು ತಿಂಗಳು, ವರ್ಷದ ದುಡ್ಡು ಒಮ್ಮೆಗೇ ಕಟ್ಟಿದರೆ ಇನ್‌ಸ್ಟಾಲೇಷನ್ ಫ್ರೀ ಅಂತಾರೆ. ಬಾಡಿಗೆ ಮನೆಯವರು ಅದಕ್ಕೆ ಮರುಳಾಗಬೇಡಿ, ಮನೆ ಬಿಟ್ಟರೆ ದುಡ್ಡು ಹೋಯ್ತು. ಬೆಲೆಯ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು. ಅಮೆರಿಕದಲ್ಲಿ ಸಾಧಾರಣ ಕನೆಕ್ಷನ್‌ಗೇ ತಿಂಗಳಿಗೆ 50 ಡಾಲರ್ ಮೇಲೆ ಹೋಗುತ್ತದೆ, ನಮ್ಮ ಲೆಕ್ಕದಲ್ಲಿ 4,000 ರೂಪಾಯಿಗೂ ಜಾಸ್ತಿ.

ಫೈಬರ್: ಸಿಂಗಾಪುರ, ಕೊರಿಯಾ, ಜಪಾನ್‌ನ ದಾರಿ

ಮನೆಯೊಳಗಿನ ಬಿಳಿ ಪೆಟ್ಟಿಗೆಯವರೆಗೂ ಗಾಜಿನ ಎಳೆ ಬಂದರೆ ಅದು ನಿಜವಾದ ಫೈಬರ್. ಒಂದು ಎಳೆಯ ಸುಮಾರು 2.5 ಗಿಗಾಬಿಟ್‌ನಷ್ಟು ಸಾಮರ್ಥ್ಯವನ್ನು ಸ್ಪ್ಲಿಟರ್ (ಬೆಳಕನ್ನು ಹಂಚುವ ಸಾಧನ) ಮೂಲಕ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಎಲ್ಲರೂ ಒಮ್ಮೆಗೇ ಪೂರ್ತಿ ಬಳಸುವುದಿಲ್ಲವಾದ್ದರಿಂದ ಇದು ಸಾಕು. ನಮ್ಮಲ್ಲಿ ಹೆಚ್ಚಿನ ಫೈಬರ್ ಪ್ಲ್ಯಾನ್‌ಗಳಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡೂ ಸಮ. ಜರ್ಮನಿಯ ಮಗಳು ಹೊಟ್ಟೆಕಿಚ್ಚು ಪಡುವುದು ಇದಕ್ಕೇ.

ಸಿಂಗಾಪುರದಲ್ಲಿ ತಂತಿ ಎಳೆಯುವ ಕಂಪನಿ ಬೇರೆ, ಇಂಟರ್ನೆಟ್ ಮಾರುವ ಕಂಪನಿಗಳು ಬೇರೆ. ಒಂದೇ ಎಳೆಯ ಮೇಲೆ ಹಲವರು ಮಾರುತ್ತಾರೆ. ಕಂಪನಿ ಬದಲಿಸಬೇಕಾದರೆ ಗೋಡೆ ಕೊರೆಯಬೇಕಾಗಿಲ್ಲ. ನಮ್ಮಲ್ಲಿ ಪ್ರತಿ ಕಂಪನಿಯೂ ತನ್ನದೇ ತಂತಿ ಎಳೆಯಬೇಕು, ಅದಕ್ಕೆ ಸೊಸೈಟಿ ಕಮಿಟಿ ಒಪ್ಪಬೇಕು. ಎಷ್ಟೋ ಸೊಸೈಟಿಗಳಲ್ಲಿ ಒಬ್ಬರಿಗೆ ಮಾತ್ರ ಒಳಗೆ ಪ್ರವೇಶ. ನೀವು ಆರಿಸುವ ಮೊದಲೇ ಕಮಿಟಿ ನಿಮ್ಮ ಪರವಾಗಿ ಆರಿಸಿಬಿಟ್ಟಿರುತ್ತದೆ. ಕೊರಿಯಾ ಈ ಗಂಟನ್ನು 1999ರಲ್ಲೇ ಬಿಚ್ಚಿತು. ಕಟ್ಟಡಗಳಿಗೇ ಇಂಟರ್ನೆಟ್ ಸೌಕರ್ಯದ ಪ್ರಮಾಣಪತ್ರ ಕೊಡಲು ಶುರು ಮಾಡಿತು, ಬಿಲ್ಡರ್‌ಗಳು ಅದನ್ನು ತೋರಿಸಿ ಫ್ಲ್ಯಾಟ್ ಮಾರಿದರು. ನಮ್ಮ ಟ್ರಾಯ್ ಇಂಥದೇ ಕಟ್ಟಡ ರೇಟಿಂಗ್ ನಿಯಮ ತಂದಿದ್ದು 2024ರಲ್ಲಿ. ಹೊಸ ಫ್ಲ್ಯಾಟ್ ನೋಡುತ್ತಿರುವವರು ನೀರು, ಪಾರ್ಕಿಂಗ್ ಜೊತೆ "ಎಷ್ಟು ಕಂಪನಿಯ ಫೈಬರ್ ಒಳಗೆ ಬಂದಿದೆ" ಅಂತಲೂ ಬಿಲ್ಡರ್‌ನನ್ನು ಕೇಳಲೇಬೇಕು. ಸೊಸೈಟಿ ಮೀಟಿಂಗ್‌ನಲ್ಲಿ ಎದ್ದು ನಿಂತು ಎರಡನೇ ಕಂಪನಿಗೆ ಅನುಮತಿ ಕೇಳುವುದೂ ನ್ಯಾಯವೇ, ಸಂಕೋಚ ಬೇಡ.

ಜಪಾನ್‌ನಿಂದ ಕಲಿಯುವುದು ಬೇರೆ. ಅಲ್ಲಿ ಮನೆಮನೆಗೆ ಫೈಬರ್ ಇದ್ದೂ ರಾತ್ರಿ ಹೊತ್ತು ನಿಧಾನ ಆಗುತ್ತಿತ್ತು. ಕಾರಣ ಎಳೆ ಅಲ್ಲ, ಹಳೇ ಪದ್ಧತಿಯ ಲಾಗಿನ್ ಗೇಟ್‌ವೇಗಳಲ್ಲಿ (ಎಲ್ಲರೂ ಹಾದು ಹೋಗಬೇಕಾದ ದ್ವಾರಗಳಲ್ಲಿ) ಜನಜಂಗುಳಿ. ಐಪಿವಿ6 (ಇಂಟರ್ನೆಟ್‌ನ ಹೊಸ ವಿಳಾಸ ಪದ್ಧತಿ) ಮೂಲಕ ಹೋಗುವ ಹೊಸ ದಾರಿಗೆ ಬಂದವರಿಗೆ ವೇಗ ಸಿಕ್ಕಿತು. ಹಾಗಾಗಿ ಫೈಬರ್ ಅಂದ ಮಾತ್ರಕ್ಕೆ ನಂಬಬೇಡಿ, ರಾತ್ರಿ 9ರಿಂದ 11ರ ನಡುವೆ ನೆರೆಯವರ ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿ.

ಬಿಲ್ಡಿಂಗ್ ಕೇಬಲ್: ಅಮೆರಿಕದ ಪಾಠ

ಅಮೆರಿಕದ ಬಹಳ ಮನೆಗಳಿಗೆ ಇಂಟರ್ನೆಟ್ ಬರುವುದು ಟಿವಿಗಾಗಿ ಎಳೆದ ಕೋಆಕ್ಸಿಯಲ್ ಕೇಬಲ್‌ನಲ್ಲಿ. ಟಿವಿ ಒಂದೇ ದಿಕ್ಕಿಗೆ ಹರಿಯುತ್ತದೆ, ಹಾಗಾಗಿ ಮನೆಯಿಂದ ಹೊರಕ್ಕೆ ಕಳಿಸಲು ಸಣ್ಣ ಜಾಗ ಮಾತ್ರ ಉಳಿದಿತ್ತು. ಡೌನ್‌ಲೋಡ್ 500 ಇದ್ದರೂ ಅಪ್‌ಲೋಡ್ 20 ಅನ್ನೋ ಪ್ಲ್ಯಾನ್‌ಗಳು ಅಲ್ಲಿ ಸಾಮಾನ್ಯ. ಮುಂಬೈ, ಪುಣೆಯಲ್ಲೂ ಕೆಲವು ಕಡೆ ಇಂಥ ಕೇಬಲ್ ಇನ್ನೂ ಇದೆ.

ಆದರೆ ನಮ್ಮ ಸ್ಥಳೀಯ ಕೇಬಲ್‌ನವರಲ್ಲಿ ಹೆಚ್ಚಿನವರು ಮಾಡುವುದು ಇನ್ನೊಂದು. ಟೆರೇಸ್‌ವರೆಗೆ ಫೈಬರ್ ತಂದು, ಅಲ್ಲಿಂದ ಮನೆಗಳಿಗೆ ಲ್ಯಾನ್ ವೈರ್ ಇಳಿಬಿಡುತ್ತಾರೆ. ನಾನಿದ್ದ ಒಂದು ಬಿಲ್ಡಿಂಗ್‌ನ ಟೆರೇಸ್‌ನಲ್ಲಿ ನೀರಿನ ಟ್ಯಾಂಕ್ ಪಕ್ಕ ತಗಡಿನ ಪೆಟ್ಟಿಗೆಯೊಂದಿತ್ತು. ಒಳಗೆ ಎಂಟು ಪೋರ್ಟಿನ ಸ್ವಿಚ್, ಕಪ್ಪು ಟೇಪ್ ಸುತ್ತಿದ ಅಡಾಪ್ಟರ್, ಲಿಫ್ಟ್ ರೂಮಿನಿಂದ ಎಳೆದ ಕರೆಂಟ್. ಲಿಫ್ಟ್ ರಿಪೇರಿಗೆ ಮೇನ್ ಆಫ್ ಮಾಡಿದರೆ ಇಡೀ ವಿಂಗ್‌ಗೆ ಇಂಟರ್ನೆಟ್ ಇಲ್ಲ. ಜೋರು ಸಿಡಿಲು ಬಂದ ಮರುದಿನ ಸ್ವಿಚ್ಚೇ ಸುಟ್ಟಿರುತ್ತಿತ್ತು. ಇಂಥ ಸ್ವಿಚ್, ಇಲ್ಲವೇ ಅಗ್ಗದ ರೂಟರ್‌ನ ಪೋರ್ಟ್ 100 ಎಂಬಿಪಿಎಸ್‌ದೇ ಆಗಿದ್ದರೆ ನೀವು 300ರ ಪ್ಲ್ಯಾನ್ ತಗೊಂಡರೂ ಸಿಗುವುದು 94, 95. ಸ್ಪೀಡ್ ಟೆಸ್ಟ್‌ನಲ್ಲಿ ಪ್ರತಿ ಸಲವೂ ಆ ಸಂಖ್ಯೆಯ ಹತ್ತಿರವೇ ನಿಂತರೆ ಮೊದಲ ಅನುಮಾನ ಪೋರ್ಟ್ ಮೇಲೆ ಇರಲಿ.

ಇಷ್ಟೆಲ್ಲ ಹೇಳಿದರೂ ಕೇಬಲ್‌ನವರನ್ನು ಸುಮ್ನೆ ತಳ್ಳಿಹಾಕಲಾರೆ. ಫೋನ್ ಮಾಡಿದರೆ ಹುಡುಗ ಅರ್ಧ ಗಂಟೆಯಲ್ಲಿ ಏಣಿ ಹಿಡಿದು ಬರುತ್ತಾನೆ. ಬರೀ ಪಿಂಚಣಿದಾರರು ಇರುವ ಮನೆಗೆ ಇದರ ಬೆಲೆ 200 ಎಂಬಿಪಿಎಸ್‌ಗಿಂತ ಜಾಸ್ತಿ.

ಹಳೇ ಟೆಲಿಫೋನ್ ತಾಮ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಸ್ಟ್ರೇಲಿಯಾ 2009ರಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗೂ ಫೈಬರ್ ಅಂತ ಹೊರಟಿತು. 2013ರಲ್ಲಿ ಸರ್ಕಾರ ಬದಲಾದ ಮೇಲೆ ಖರ್ಚು ಉಳಿಸಲು ತಾಮ್ರವನ್ನೂ ಬೆರೆಸಿತು. ಈಗ ಅದೇ ಮನೆಗಳಿಗೆ ಮತ್ತೆ ಫೈಬರ್ ಎಳೆಯುತ್ತಿದೆ. ನಿಮ್ಮ ಮನೆಯಲ್ಲಿ ಹಳೇ ಲ್ಯಾಂಡ್‌ಲೈನ್‌ನ ಡಿಎಸ್‌ಎಲ್ ಇನ್ನೂ ಇದ್ದರೆ, ಅದೇ ಸರ್ಕಾರಿ ಸಂಸ್ಥೆಯ ಫೈಬರ್ ನಿಮ್ಮ ಬೀದಿಗೆ ಬಂದಿದೆಯಾ ಅಂತ ವಿಚಾರಿಸಿ ಬದಲಿಸಿಕೊಳ್ಳಿ.

ಏರ್‌ಫೈಬರ್

ಹೆಸರಿನಲ್ಲಿ ಫೈಬರ್ ಇದ್ದರೂ ಇದು 5ಜಿ ಟವರ್‌ನಿಂದ ಗಾಳಿಯಲ್ಲಿ ಬರುವುದು. ಏರ್‌ಟೆಲ್ 2023ರ ಆಗಸ್ಟ್‌ನಲ್ಲಿ ದೆಹಲಿ, ಮುಂಬೈನಲ್ಲಿ ಶುರು ಮಾಡಿತು. ಜಿಯೋ ಮರುತಿಂಗಳು ಎಂಟು ನಗರಗಳಲ್ಲಿ, ಅದರಲ್ಲಿ ಮುಂಬೈ, ಪುಣೆ ಎರಡೂ ಇದ್ದವು. ಅಮೆರಿಕದಲ್ಲಿ ಟಿ-ಮೊಬೈಲ್ ಇದನ್ನು 2021ರಿಂದ ಮಾರುತ್ತಿದೆ, ಲಕ್ಷಾಂತರ ಮನೆಗಳು ಕೇಬಲ್ ಬಿಟ್ಟು ಇದಕ್ಕೆ ಬಂದಿವೆ. ಅಲ್ಲಿಯ ಷರತ್ತನ್ನು ಗಮನಿಸಿ: ಟವರ್‌ನಲ್ಲಿ ನೂಕುನುಗ್ಗಲು ಆದಾಗ ಮೊದಲ ಆದ್ಯತೆ ಮೊಬೈಲ್ ಗ್ರಾಹಕರಿಗೆ, ಮನೆ ಇಂಟರ್ನೆಟ್‌ನವರು ಆಮೇಲೆ. ಗಾಳಿಯಲ್ಲಿರುವ ಜಾಗ ಎಲ್ಲರದ್ದೂ ಆದ್ದರಿಂದ ಇಲ್ಲೂ ಸಂಜೆಯ ಹೊತ್ತು ವೇಗ ಏರುಪೇರು ಆಗುವುದು ಸಹಜ. ಪಿಂಗ್ ಕೂಡ ಫೈಬರ್‌ನಷ್ಟು ಸ್ಥಿರವಾಗಿರಲ್ಲ.

ಹಾಕಿಸುವ ಮುಂಚೆ ಎರಡು ಪ್ರಶ್ನೆ ಕೇಳಿ. ತಿಂಗಳಿಗೆ ಡೇಟಾ ಮಿತಿ ಎಷ್ಟು? ಫೈಬರ್‌ಗಿಂತ ಕಡಿಮೆ ಇರುವುದೇ ಹೆಚ್ಚು. ಮತ್ತೆ, ನಮ್ಮನೆಗೆ ಕೊಡುವುದು 5ಜಿನಾ ಅಥವಾ ಯುಬಿಆರ್‌ನಾ? ಯುಬಿಆರ್ ಅಂದರೆ ಲೈಸೆನ್ಸ್ ಬೇಡದ ತರಂಗದಲ್ಲಿ ಹತ್ತಿರದ ಕಟ್ಟಡದಿಂದ ಕೊಡುವ ಸಂಪರ್ಕ. ಎರಡರ ನಡವಳಿಕೆ ಬೇರೆ.

ಬಾಡಿಗೆ ಮನೆಯವರಿಗೆ, ಸೊಸೈಟಿ ತಂತಿ ಎಳೆಯಲು ಬಿಡದವರಿಗೆ ಇದು ನಿಜಕ್ಕೂ ಉಪಕಾರಿ. ಗೋವಾದಲ್ಲಿ ಇನ್ನೊಂದು ಕಾರಣ ಇದೆ. ಅಲ್ಲಿ ಫೈಬರ್ ಕೂಡ ಬಹಳ ಕಡೆ ವಿದ್ಯುತ್ ಕಂಬದಿಂದ ಕಂಬಕ್ಕೆ, ತೆಂಗು, ಮಾವಿನ ಕೊಂಬೆಗಳ ನಡುವೆ ನೇತಾಡುತ್ತದೆ. ಮಳೆಗಾಲದಲ್ಲಿ ಕೊಂಬೆ ಬಿದ್ದರೆ ಇಡೀ ಬೀದಿಗೇ ಇಂಟರ್ನೆಟ್ ಇಲ್ಲ. ಕಂಬದ ಮೇಲಿನ ಈ ಕೇಬಲ್‌ಗಳನ್ನು ತೆಗೆಯುವ ಜಗಳ ಕೋರ್ಟಿನವರೆಗೂ ಹೋಗಿದೆ. ಹಾಗಾಗಿ ಫೋಂಡಾ, ಮಾಪ್ಸಾ ಕಡೆ ಮನೆಯಿಂದಲೇ ಕೆಲಸ ಮಾಡುವವರಿಗೆ ಅಗ್ಗದ ಫೈಬರ್ ಒಂದು, ಆಪತ್ತಿಗೆ 5ಜಿ ಒಂದು, ಹೀಗೆ ಎರಡು ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು. ಒಂದೇ ದುಬಾರಿ ಪ್ಲ್ಯಾನ್‌ಗಿಂತ ಇದು ವಾಸಿ.

ಬರೀ ಮೊಬೈಲ್ ಹಾಟ್‌ಸ್ಪಾಟ್ ಒಬ್ಬರೇ ಇರುವ ಪಿಜಿಗೆ ಆದೀತು, ಸಂಸಾರಕ್ಕೆ ಆಗಲ್ಲ. ಫೋನ್ ತಗೊಂಡು ಒಬ್ಬರು ಹೊರಗೆ ಹೋದರೆ ಮನೆಯ ಟಿವಿ, ಕ್ಲಾಸ್ ಎಲ್ಲ ನಿಂತಿತು. ಉಪಗ್ರಹದ ಇಂಟರ್ನೆಟ್ ಇನ್ನೊಂದು ತುದಿ. ಹಳೇ ಉಪಗ್ರಹಗಳು 35,786 ಕಿ.ಮೀ. ಎತ್ತರದಲ್ಲಿದ್ದು ಪಿಂಗ್ 600 ಮಿಲಿಸೆಕೆಂಡ್ ಮುಟ್ಟುತ್ತಿತ್ತು. ಸ್ಟಾರ್‌ಲಿಂಕ್‌ನವು ಸುಮಾರು 550 ಕಿ.ಮೀ.ನಲ್ಲಿ ಇರುವುದರಿಂದ ಆ ತೊಂದರೆ ಇಲ್ಲ. ಭಾರತದಲ್ಲಿ ಅದಕ್ಕೆ ಲೈಸೆನ್ಸ್ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಗೋವಾದ ಸತ್ತರಿ, ಸಾಂಗೆಯ ಕಾಡಂಚಿನ ಮನೆಗಳಿಗೆ ಇದು ಆಸೆ ಹುಟ್ಟಿಸುವ ದಾರಿ, ಆದರೆ ಅದರ ಆಂಟೆನಾ ತಟ್ಟೆಗೆ ಬಯಲು ಆಕಾಶ ಬೇಕು. ಮರಗಳ ಗುಂಪಿನ ಕೆಳಗೆ ಕೆಲಸ ಮಾಡಲ್ಲ. ಪುಣೆಯಲ್ಲಿ ಫೈಬರ್ ಇರುವವರು ಅತ್ತ ನೋಡುವ ಅಗತ್ಯವೇ ಇಲ್ಲ.

ದುಬೈನಲ್ಲಿ ಮನೆಯವರಿದ್ದರೆ

ಯುಎಇ ಮನೆಮನೆಗೆ ಫೈಬರ್ ತಲುಪಿಸಿದ ದೇಶಗಳಲ್ಲಿ ಮುಂಚೂಣಿಯಲ್ಲಿದೆ, ವೇಗದ ಪಟ್ಟಿಯಲ್ಲೂ ಮೇಲಿದೆ. ಆದರೂ ಅಲ್ಲಿಂದ ವಾಟ್ಸಾಪ್ ಕಾಲ್ ಸೇರುವುದಿಲ್ಲ, ಯಾಕೆಂದರೆ ಅಲ್ಲಿಯ ಸರ್ಕಾರ ಅಂಥ ಕಾಲ್‌ಗಳನ್ನು ತಡೆಹಿಡಿದಿದೆ. ಮೆಸೇಜ್ ಮಾತ್ರ ಹೋಗುತ್ತದೆ. ಮೊಮ್ಮಗಳ ಮುಖ ಕಾಣದೆ ಅಜ್ಜಿ ಬೇಜಾರಾದಾಗ ಇಲ್ಲಿ ಪ್ಲ್ಯಾನ್ ದೊಡ್ಡದು ಮಾಡಿಸಬೇಡಿ. ಬೋಟಿಮ್ ಅಥವಾ ಝೂಮ್ ಥರ ಅಲ್ಲಿ ಅನುಮತಿ ಇರುವ ಆ್ಯಪ್ ಹಾಕಿಕೊಡಿ, ಇಲ್ಲಿಯ 30 ಎಂಬಿಪಿಎಸ್ಸೇ ಸಾಕು.

ಯಾರಿಗೆ ಯಾವುದು

ತಿಂಗಳಿಗೆ 500 ರೂಪಾಯಿ ಒಳಗೆ, ಇಬ್ಬರು ಹಿರಿಯರ ಮನೆ: 30 ಅಥವಾ 40 ಎಂಬಿಪಿಎಸ್ ಫೈಬರ್, ಇಲ್ಲವೇ ರಿಪೇರಿಗೆ ಓಡಿ ಬರುವ ಕೇಬಲ್‌ನವರು. ಸಾವಿರದ ಒಳಗೆ, ಮಕ್ಕಳಿರುವ ಸಂಸಾರ: 100ರ ಫೈಬರ್, ಅದಕ್ಕಿಂತ ಮೇಲೆ ಹೋಗುವ ಮೊದಲು ಉಳಿದ ದುಡ್ಡಲ್ಲಿ ಒಳ್ಳೇ ರೂಟರ್ ತಗೊಳ್ಳಿ. ಮುಂಬೈನ ಹಳೇ ಕಟ್ಟಡಗಳ ದಪ್ಪ ಗೋಡೆ ದಾಟಿ ಮಲಗುವ ಕೋಣೆಗೆ ವೈಫೈ ಹೋಗದಿರುವುದಕ್ಕೆ ಪ್ಲ್ಯಾನ್ ಹೊಣೆಯಲ್ಲ. ಹಿಂಜವಡಿ, ಖರಾಡಿಯ ಐಟಿಯವರು 100ರಿಂದ 200, ಜೊತೆಗೆ ಬೇರೆ ಕಂಪನಿಯ 5ಜಿ ಸಿಮ್. ಎರಡೂ ಒಂದೇ ಕಂಪನಿಯದಾದರೆ ಒಟ್ಟಿಗೇ ಬೀಳುವ ಭಯ ಇದೆ. ವೀಡಿಯೊ ಎಡಿಟಿಂಗ್ ಮಾಡಿ ದೊಡ್ಡ ಫೈಲ್ ಕಳಿಸುವವರಿಗೆ ಮಾತ್ರ 300ರ ಮೇಲೆ ಅರ್ಥ ಇದೆ. ಗೋವಾದಲ್ಲಿ ಯಾರೇ ಆಗಲಿ, ರೂಟರ್‌ಗೆ ಸಣ್ಣ 12 ವೋಲ್ಟ್ ಯುಪಿಎಸ್ ಒಂದು ಹಾಕಿ. ಕರೆಂಟ್ ಹೋದರೂ ಫೈಬರ್ ಎಳೆಯಲ್ಲಿ ಬೆಳಕು ಬರುತ್ತಿರುತ್ತದೆ, ಆರಿಹೋಗುವುದು ನಿಮ್ಮ ಪೆಟ್ಟಿಗೆ ಮಾತ್ರ.

ಕನೆಕ್ಷನ್ ಹಾಕಲು ಬಂದ ಹುಡುಗ ಮನೆಯಲ್ಲಿರುವಾಗಲೇ ಲ್ಯಾಪ್‌ಟಾಪ್‌ಗೆ ಲ್ಯಾನ್ ವೈರ್ ಚುಚ್ಚಿ ಪರೀಕ್ಷೆ ಮಾಡಿ. ಸ್ಪೀಡ್ ಟೆಸ್ಟ್ ತಾನಾಗಿ ಹತ್ತಿರದ ಸರ್ವರ್ ಆರಿಸುತ್ತದೆ, ಬಹಳ ಸಲ ಅದು ಅದೇ ಕಂಪನಿಯದು. ನಿಮ್ಮ ಕೆಲಸ ಸಿಂಗಾಪುರದ್ದಾದರೆ ಸಿಂಗಾಪುರದ, ಜರ್ಮನಿಯದಾದರೆ ಫ್ರಾಂಕ್‌ಫರ್ಟ್‌ನ ಸರ್ವರ್ ಆರಿಸಿ ಇನ್ನೊಮ್ಮೆ ನೋಡಿ. ಎಲ್ಲ ಸರಿ ಇರುವಾಗ ಬಿಳಿ ಪೆಟ್ಟಿಗೆಯ ದೀಪಗಳ ಫೋಟೋ ತೆಗೆದಿಡಿ. ನಾಳೆ ಎಲ್‌ಒಎಸ್ ಅನ್ನೋ ದೀಪ ಕೆಂಪಾದರೆ ತೊಂದರೆ ಹೊರಗಿನ ತಂತಿಯದು ಅಂತ ಕಾಲ್ ಸೆಂಟರ್‌ಗೆ ನೀವೇ ಹೇಳಬಹುದು. ಆ ಹುಡುಗನ ಸ್ವಂತ ನಂಬರ್ ತಗೊಳ್ಳೋದನ್ನೂ ಮರೆಯಬೇಡಿ.